ಜಯಕ್ಕನ ಹೊಲದಲ್ಲಿ ಹೂಂಗುಟ್ಟುವವರು

ಸುದ್ದಿ ಬರದಿದ್ದರೆ ಎಲ್ಲ ಸೌಖ್ಯ ಎಂದು ನಂಬಿ, ಉಂಡು ಕೈತೊಳೆದು ಕಾಲು ಚಾಚಿ ಮಲಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಂಥವರೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ನಾನು ಮದುವೆಯಾಗಿರುವುದು ಅವರನ್ನೇ. ನನ್ನ ಜಾತಕ ಬೇರೆ. ಸುದ್ದಿ ಬರದಿದ್ದರೆ ಏನೋ ಆಗಿದೆ ಎಂದು ದಿಗಿಲು. ಬಂದರೆ, ಇಷ್ಟೇ ಹೇಳಿದರಲ್ಲ, ಮಿಕ್ಕದ್ದನ್ನು ಯಾಕೆ ನುಂಗಿಕೊಂಡರು ಎಂದು ಇನ್ನೊಂದು ದಿಗಿಲು. ಕುಕ್ಕರ್ ಕೂಗದಿದ್ದರೆ ಒಳಗೆ ತಳ ಹಿಡಿಯುತ್ತಿದೆ ಎಂದು ಎದೆ ಹೊಡೆದುಕೊಳ್ಳುತ್ತದೆ, ಕೂಗಿದರೆ ಇನ್ನೇನು ಸಿಡಿಯುತ್ತದೆ ಎಂದು ಹೊಡೆದುಕೊಳ್ಳುತ್ತದೆ. ಒಟ್ಟಿನಲ್ಲಿ ನನ್ನ ಎದೆಗೆ ರಜೆಯಿಲ್ಲ.

ನಮ್ಮ ಕಡೆ ಒಂದು ಪದ್ಧತಿಯಿದೆ. ಬಂದು ಹೋದ ನೆಂಟರು ತಮ್ಮ ಊರು ಮುಟ್ಟಿದ ಮೇಲೆ ಒಂದು ಮಿಸ್ ಕಾಲ್ ಕೊಡಬೇಕು. ಒಂದೇ ರಿಂಗು, ಕಟ್ಟು. ಮುಟ್ಟಿದೆವು, ಕ್ಷೇಮ ಎಂದು ಅರ್ಥ. ಮಾತಿಗೆ ಕಾಸು ಬೀಳುತ್ತಿದ್ದ ಕಾಲದ ಪದ್ಧತಿ ಅದು; ಈಗ ಎಷ್ಟು ಮಾತಾಡಿದರೂ ಒಂದೇ ಎಂದಾದ ಮೇಲೂ ನಮ್ಮ ಚನ್ನರಾಯಪಟ್ಟಣದ ಚಿಕ್ಕಮ್ಮ ಅದನ್ನು ಬಿಟ್ಟಿಲ್ಲ. ಹೋದ ಸಲ ಹಾಸನಕ್ಕೆ ನಮ್ಮ ಮನೆಗೆ ಬಂದು, ಮಧ್ಯಾಹ್ನದ ಬಸ್ಸಿಗೆ ವಾಪಸು ಹೋಗಿ, ಶಾಸ್ತ್ರೋಕ್ತವಾಗಿ ಒಂದು ರಿಂಗು ಕೊಟ್ಟು ಕಟ್ಟು ಮಾಡಿದರು. ನಾನು ತಕ್ಷಣ ತಿರುಗಿಸಿ ಫೋನು ಮಾಡಿದೆ.

"ಚಿಕ್ಕಮ್ಮ, ಈಗ ಮಿಸ್ ಕಾಲ್ ಕೊಟ್ಟಿದ್ದು ನೀವೇನಾ?"

"ಇನ್ಯಾರು ಕೊಡ್ತಾರವ್ವ, ನನ್ ಫೋನಿಂದ?"

"ಬಸ್ಸಲ್ಲೇ ಕೊಟ್ರೋ, ಮನೆಗೆ ಹೋಗಿ ಕೊಟ್ರೋ?"

"ಮನೇಲೇ ಕಣವ್ವ. ಕಾಲ್ ತೊಳ್ಕಂಡು ಕಾಪಿಗಿಟ್ಟಿವ್ನಿ. ಅಲ್ಲ ಕಣವ್ವ, ನೀ ಇಂಗೆ ಫೋನ್ ಮಾಡಿ ಕೇಳಂಗಿದ್ರೆ ನಾ ಯಾಕೆ ಮಿಸ್ ಕಾಲ್ ಕೊಡ್ಲಿ?"

ನ್ಯಾಯವಾದ ಪ್ರಶ್ನೆ. ಆದರೆ ತಲುಪಿದೆ ಎಂಬ ಸುದ್ದಿ ನನಗೆ ತಲುಪಿತು ಎಂಬುದು ಅವರಿಗೆ ತಲುಪಬೇಡವೇ? ಫೋನಿಟ್ಟ ಮೇಲೂ ನನ್ನ ಮನಸ್ಸು ತಣ್ಣಗಾಗಲಿಲ್ಲ. ಮಾತಿನ ಕೊನೆಗೆ ಚಿಕ್ಕಮ್ಮ ಇಡ್ತೀನಿ ಅಂದರೋ, ಇಲ್ಲಾ ಫೋನು ತಾನಾಗಿ ಕಟ್ಟಾಯಿತೋ?

ಇದಕ್ಕೆಲ್ಲ ಮೂಲ ಹೊಳೆನರಸೀಪುರದ ನಮ್ಮ ಅಜ್ಜಿ. ಸಂಜೆ ಜಗಲಿಯ ಮೇಲೆ ಅವರೆಕಾಯಿ ಸುಲಿಸುತ್ತಾ ಅಜ್ಜಿ ಕತೆ ಹೇಳುತ್ತಿದ್ದಳು. ಸುಲಿಯುವುದು ನಮ್ಮ ಕೆಲಸ, ಹೇಳುವುದು ಅವಳ ಕೆಲಸ, ಮತ್ತು ಮಾತುಮಾತಿನ ನಡುವೆ ಹೂಂಗುಟ್ಟುವುದು ಮತ್ತೆ ನಮ್ಮದೇ ಕೆಲಸ. ಹೂಂ ಕೇಳದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ರಾಜಕುಮಾರ ಮರದ ಕೊಂಬೆಯಲ್ಲಿ ನೇತಾಡುತ್ತಿದ್ದರೂ ಸರಿ, ಕೆಳಗೆ ಹುಲಿ ಬಾಯಿ ತೆರೆದಿದ್ದರೂ ಸರಿ. "ಊಂ ಅನ್ನೋರಿಲ್ದ ಕತೆ ಉಪ್ಪಿಲ್ದ ಸಾರು ಕಣ್ರೇ" ಎನ್ನುತ್ತಿದ್ದಳು. ನಾನು ಎಲ್ಲಿ ಹುಲಿ ರಾಜಕುಮಾರನನ್ನು ತಿಂದುಬಿಡುತ್ತದೋ ಎಂದು ಹೆದರಿ ಒಂದೊಂದು ಪದಕ್ಕೂ ಹೂಂ, ಹೂಂ, ಹೂಂ ಎನ್ನುತ್ತಿದ್ದೆ. ಅದಕ್ಕೂ ಬೈಗುಳ. "ಏ ಪದ್ಮಿ, ಮಾತ್ ಮಾತ್ಗೂ ಊಂ ಅಂತಿದ್ರೆ ಕತೆ ಮುಂದುಕ್ಕೋಗದೆಂಗೆ? ಊಂ ಅನ್ನೋದ್ಕೂ ಒಂದು ಅದ ಐತೆ ಕಣೇ." ನನ್ನ ಅಕ್ಕ ಜಯಳದ್ದು ಇನ್ನೊಂದು ಬಗೆ. ಅವಳು ಗೋಡೆಗೊರಗಿ ನಿದ್ದೆ ಮಾಡುತ್ತಲೇ ಹದವರಿತು ಹೂಂ ಅನ್ನುತ್ತಿದ್ದಳು. ಅಜ್ಜಿಗೆ ಅನುಮಾನ ಬಂದು ಒಮ್ಮೆ ಪರೀಕ್ಷೆ ಮಾಡಿದಳು. "ಆಗ ಆ ರಾಜ ಏನ್ ಮಾಡ್ದ? ನಮ್ ಜಯನ ಎತ್ಕೊಂಡೋಗಿ ತಿಪ್ಪೆಗೆ ಎಸ್ದ." ಜಯಕ್ಕ ಕಣ್ಣು ತೆರೆಯದೆ, "ಹೂಂ" ಎಂದಳು. ನಾವೆಲ್ಲ ಅವರೆಕಾಯಿ ಚೆಲ್ಲಿ ನಕ್ಕೆವು. ನಿದ್ದೆಯಲ್ಲೇ ಹೂಂಗುಟ್ಟುವ ಆ ವಿದ್ಯೆಯ ಬೆಲೆ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಹೊಟ್ಟೆಪಾಡಿಗೆ ನಾನು ಹಾಸನದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತೇನೆ. ಅದರಲ್ಲೂ ನನ್ನ ಪಾಲಿಗೆ ಬಂದಿರುವುದು ವೈರ್‌ಲೆಸ್ ಸೆನ್ಸರ್ ನೆಟ್‌ವರ್ಕ್ ಎಂಬ ವಿಷಯ. ಹೆಸರಿಗೆ ಹೆದರಬೇಡಿ. ಅಂಗೈಯಗಲದ ಒಂದಷ್ಟು ಡಬ್ಬಿಗಳು. ಒಂದೊಂದರಲ್ಲೂ ಬಿಸಿ ಎಷ್ಟು, ತೇವ ಎಷ್ಟು ಎಂದು ನೋಡುವ ಸೆನ್ಸರು, ಪಕ್ಕದ ಡಬ್ಬಿಗೆ ಸುದ್ದಿ ಮುಟ್ಟಿಸುವ ಪುಟ್ಟ ರೇಡಿಯೊ, ಒಂದು ಬ್ಯಾಟರಿ, ಅದಕ್ಕೆ ಬಿಸಿಲಿನಿಂದ ಜೀವ ತುಂಬುವ ಅಂಗೈಯಷ್ಟೇ ಸೋಲಾರ್ ಹಲಗೆ. ಮನೆ ಕಟ್ಟುವಾಗ ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವುದಿಲ್ಲವೇ, ಹಾಗೆ ಈ ಡಬ್ಬಿಗಳು ಸುದ್ದಿಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಕಷ್ಟವೆಲ್ಲ ಬ್ಯಾಟರಿಯದು. ಡಬ್ಬಿ ಯೋಚನೆ ಮಾಡುವುದಕ್ಕೆ ಖರ್ಚಾಗುವುದು ಏನೂ ಅಲ್ಲ. ಮಾತಾಡುವುದಕ್ಕೇ ಅದರ ಜೀವ ಹೋಗುವುದು. ಇನ್ನೂ ಸ್ವಾರಸ್ಯವೆಂದರೆ, ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ಸುಮ್ಮನೆ ಕಿವಿ ತೆರೆದು ಕೂತಿದ್ದರೂ ಹೆಚ್ಚುಕಡಿಮೆ ಅಷ್ಟೇ ಖರ್ಚು. ಹಾಗಾಗಿ ಡಬ್ಬಿಯನ್ನು ಆದಷ್ಟೂ ಮಲಗಿಸಬೇಕು. ಮಲಗಿಸಿದರೆ ಸುದ್ದಿ ತಡವಾಗುತ್ತದೆ, ಎಬ್ಬಿಸಿಟ್ಟರೆ ಬೇಗ ಸಾಯುತ್ತದೆ. ಇವೆರಡರ ನಡುವೆ ಹದ ಹುಡುಕುವುದೇ ನನ್ನ ಪಾಠದ ಸಾರ. ಪ್ರತಿ ವರ್ಷ ಇದನ್ನು ಬೋರ್ಡಿನ ಮೇಲೆ ಬರೆಯುವಾಗ ನನ್ನ ಜಾತಕವನ್ನೇ ಬರೆಯುತ್ತಿದ್ದೇನೆ ಎನ್ನಿಸುತ್ತದೆ. ಇಡೀ ದಿನ ಕಿವಿ ತೆರೆದು ಕೂತು ಸಂಜೆಗೆ ನಿತ್ರಾಣವಾಗುವ ನನ್ನನ್ನು ಕಂಡು ನಮ್ಮನೆಯವರು ಹೇಳುವುದು ಒಂದೇ ಮಾತು: "ನಿನ್ನ ಕ್ಲಾಸಿಗೆ ನೀನೇ ಒಂದು ದಿವ್ಸ ಹಿಂದಿನ ಬೆಂಚಲ್ಲಿ ಕೂತು ಕೇಳೇ."

ಕೇಳಿದ್ದರೆ ಜಯಕ್ಕನ ಹೊಲದ ಪ್ರಕರಣ ನಡೆಯುತ್ತಿರಲಿಲ್ಲ.

ಜಯಕ್ಕನನ್ನು ಕೊಟ್ಟಿರುವುದು ದೊಡ್ಡಗದ್ದವಳ್ಳಿಯ ಹತ್ತಿರಕ್ಕೆ. ಮುಂಗಾರಿಗೆ ಅವರ ಹೊಲದಲ್ಲಿ ಆಲೂಗೆಡ್ಡೆ. ಗೆಡ್ಡೆ ಬೆಳೆಯುವವರಿಗೆ ಹುಲಿ ಬೇಡ, ಕಳ್ಳ ಬೇಡ, ಅಂಗಮಾರಿ ಎಂಬ ಒಂದು ಹೆಸರು ಸಾಕು ಬೆವರುವುದಕ್ಕೆ. ತಣ್ಣನೆ ಗಾಳಿ, ಜಿಟಿಜಿಟಿ ಮಳೆ, ಎಲೆ ಒಣಗುವುದಕ್ಕೆ ಬಿಡದ ಮೋಡ, ಇಷ್ಟು ಕೂಡಿದರೆ ರೋಗ ಇಳಿಯುತ್ತದೆ. ಮೊದಲು ಎಲೆಯ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ. ನೋಡನೋಡುತ್ತಾ ಇಡೀ ಹೊಲ ಬೇಯಿಸಿ ಬಸಿದ ಸೊಪ್ಪಿನ ಹಾಗೆ ಮಲಗಿಬಿಡುತ್ತದೆ. ಅದಕ್ಕೇ ಎಲ್ಲರೂ ಬೇಕಿರಲಿ ಬೇಡವಿರಲಿ ವಾರವಾರವೂ ಔಷಧಿ ಹೊಡೆಯುತ್ತಾರೆ. ಹೊಡೆದೂ ಹೊಡೆದೂ ಭಾವನ ಕಣ್ಣು ಯಾವಾಗಲೂ ಕೆಂಪು, ಕೈ ಸುಲಿದ ಸೀಬೆಯ ಹಾಗೆ. ಅದನ್ನು ನೋಡಲಾರದೆ ನಾನು ಬಾಯಿ ಹಾಕಿದೆ. ಹೊಲದಲ್ಲಿ ನಮ್ಮ ಡಬ್ಬಿ ನೆಡೋಣ, ಅಂಗಮಾರಿಗೆ ಒಗ್ಗುವ ಹವೆ ಬಂದ ಕೂಡಲೇ ಅವು ಹೇಳುತ್ತವೆ, ಆಗ ಮಾತ್ರ ಹೊಡೆದರೆ ಸಾಕು ಎಂದೆ.

"ಲೇ ಪದ್ಮಿ, ನಿಜ್ವಾಗ್ಲೂ ಏಳ್ತವಾ ಅವು?" ಎಂದಳು ಜಯಕ್ಕ.

"ಹೇಳ್ತವೆ ಕಣಕ್ಕ. ಎಲೆ ಎಷ್ಟೊತ್ತು ಒದ್ದೆಯಾಗಿತ್ತು, ಗಾಳಿ ಎಷ್ಟು ತಣ್ಣಗಿತ್ತು, ಎಲ್ಲ ನೋಡಿ ನಿನ್ನ ಫೋನಿಗೇ ಹೇಳ್ತವೆ."

"ನಂಗ್ಯಾಕೆ? ನಿಂಗೇ ಏಳ್ಲಿ. ನೀ ನಂಗೇಳು, ಸಾಕು. ಆದ್ರೆ ನೋಡು ಕಣಮ್ಮಿ, ನಿನ್ ಮಾತ್ ಮ್ಯಾಲೆ ಈ ಸಲ ವಾರ್ದ ಔಸ್ದಿ ನಿಲ್ಲಿಸ್ತಾ ಇವ್ನಿ. ಗೆಡ್ಡೆ ಕೈಕೊಟ್ರೆ ನಿಮ್ ಬಾವ ನನ್ನ ಬುಡಾಕಿಲ್ಲ, ನಾ ನಿನ್ನ ಬುಡಾಕಿಲ್ಲ."

ಆ ಗಳಿಗೆಯಿಂದ ಆ ಹೊಲದ ಒಂದೊಂದು ಗಿಡವೂ ನನ್ನ ಎದೆಯ ಮೇಲೇ ಬೆಳೆಯತೊಡಗಿತು.

ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಹೊಲದುದ್ದಕ್ಕೂ ಗೂಟ ಹೊಡೆದು ಡಬ್ಬಿ ಕಟ್ಟಿದೆವು. ಎಲ್ಲಕ್ಕಿಂತ ತಗ್ಗಿನಲ್ಲಿ, ಕೆಸರಿನ ಮೂಲೆಯಲ್ಲಿ ನಿಂತದ್ದಕ್ಕೆ ಜಯಕ್ಕ 'ಹಳ್ಳದ ಡಬ್ಬಿ' ಎಂದು ಹೆಸರಿಟ್ಟಳು. ಮನೆಗೆ ಹತ್ತಿರವಾಗಿ ಬೇಲಿಯ ಪಕ್ಕ ನಿಂತದ್ದು 'ಬೇಲಿ ಡಬ್ಬಿ'. ಹಳ್ಳದ ಡಬ್ಬಿಯಿಂದ ಹಿಡಿದು ಎಲ್ಲರ ಸುದ್ದಿಯೂ ಕೊನೆಗೆ ಬೇಲಿ ಡಬ್ಬಿಗೆ ಬಂದು, ಅಲ್ಲಿಂದ ಮನೆಯ ಮಾಡಿನ ಮೇಲಿಟ್ಟ ಯಂತ್ರಕ್ಕೆ ಹಾರಿ, ಅಲ್ಲಿಂದ ಹಾಸನದಲ್ಲಿದ್ದ ನನ್ನ ಫೋನಿಗೆ ಬರುತ್ತಿತ್ತು. ಪರದೆಯ ಮೇಲೆ ಒಂದೊಂದು ಡಬ್ಬಿಗೂ ಒಂದೊಂದು ದುಂಡನೆ ಬೊಟ್ಟು. ಹಸಿರಾದರೆ ಕ್ಷೇಮ, ಕೆಂಪಾದರೆ ಅಪಾಯ.

ಗಂಟೆಗೊಮ್ಮೆ ಸುದ್ದಿ ಕೊಟ್ಟರೆ ಧಾರಾಳವಾಯಿತು ಎಂದು ತರಗತಿಯಲ್ಲಿ ಹೇಳಿದವಳು ನಾನೇ. ಆದರೆ ಡಬ್ಬಿಗಳಿಗೆ ನಿಯಮ ಬರೆಯಲು ಕೂತಾಗ ಗಂಟೆಗೊಮ್ಮೆ ಸಾಲದು ಎನ್ನಿಸಿತು. ನಿಮಿಷಕ್ಕೊಮ್ಮೆ ಎಂದು ಬರೆದೆ. ಅಷ್ಟೂ ಸಾಲದೆ, ಒಂದು ಡಬ್ಬಿ ಹೇಳಿದ್ದಕ್ಕೆ ಮುಂದಿನ ಡಬ್ಬಿ ಹೂಂ ಅನ್ನಲೇಬೇಕು, ಅನ್ನದಿದ್ದರೆ ಹಿಂದಿನದು ಅದನ್ನೇ ಮತ್ತೆ ಮತ್ತೆ ಕೂಗಬೇಕು ಎಂದೂ ಬರೆದೆ. ಒಬ್ಬ ವಿದ್ಯಾರ್ಥಿನಿ ಮೆಲ್ಲಗೆ, "ಮೇಡಂ, ಗಂಟೆಗೊಂದ್ಸಲ ಸಾಕು ಅಂತ ನೀವೇ ನೋಟ್ಸ್ ಕೊಟ್ಟಿದ್ರಲ್ಲ?" ಎಂದಳು.

"ಅದು ಪರೀಕ್ಷೆಗೆ ಕಣಮ್ಮ. ಇದು ನಮ್ಮಕ್ಕನ ಹೊಲ" ಎಂದೆ.

ಮೊದಮೊದಲು ಸ್ವರ್ಗ. ನಿಮಿಷ ನಿಮಿಷಕ್ಕೂ ಹಸಿರು ಬೊಟ್ಟು ಮಿಣುಕುವುದನ್ನು ಜಪಮಾಲೆ ಎಣಿಸುವವರ ಹಾಗೆ ನೋಡುತ್ತಿದ್ದೆ. ಸಾರಿಗೆ ಒಗ್ಗರಣೆ ಹಾಕುತ್ತಾ ನೋಡುವೆ, ಪಾಠದ ನಡುವೆ ಬೋರ್ಡಿನ ಕಡೆ ತಿರುಗಿ ನೋಡುವೆ. ಆಮೇಲೆ ಗಿಡ ಎತ್ತರವಾದವು, ಮಳೆ ಹಿಡಿಯಿತು. ನೀರು ಕುಡಿದು ಕೊಬ್ಬಿದ ಎಲೆಗಳ ನಡುವೆ ಡಬ್ಬಿಗಳ ದನಿ ಹೂತುಹೋಗುತ್ತದೆ, ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ, ಹೂಂ ಬರುವುದಿಲ್ಲ, ಬರದಿದ್ದರೆ ಮತ್ತೆ ಕೂಗುತ್ತವೆ. ಇಡೀ ಹೊಲ ಸಂತೆಯಾಯಿತು. ಬ್ಯಾಟರಿಗಳು ಇಳಿಯತೊಡಗಿದವು. ಎಲ್ಲಕ್ಕಿಂತ ಮೊದಲು ಮಕಾಡೆ ಮಲಗಿದ್ದು ಬೇಲಿ ಡಬ್ಬಿ.

ಜಯಕ್ಕನಿಗೆ ಫೋನು ಮಾಡಿ, ಅದನ್ನು ಬಿಚ್ಚಿ ಮನೆಯೊಳಕ್ಕೆ ತಂದು ಫೋನಿನ ಚಾರ್ಜರಿಗೆ ಸಿಕ್ಕಿಸು ಎಂದೆ. ಹೇಳಿ ನಾನು ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುವುದರಲ್ಲಿ ಮುಳುಗಿ ಅದನ್ನು ಮರೆತೇಬಿಟ್ಟೆ. ಸ್ವಲ್ಪ ಹೊತ್ತಿಗೆ ಪರದೆ ನೋಡುತ್ತೇನೆ, ಬೇಲಿ ಡಬ್ಬಿ ಜೀವ ಬಂದು ಒದರುತ್ತಿದೆ! ಬಿಸಿ ಏರುತ್ತಿದೆ, ತೇವ ಏರುತ್ತಿದೆ, ಬೊಟ್ಟು ಕೆಂಪಗೆ ಕೆಂಡವಾಗಿದೆ. ಅಂಥ ಹವೆ ಹಾಸನ ಜಿಲ್ಲೆಯಲ್ಲಿ ಯಾರೂ ಕಂಡಿರಲಾರರು. ತಕ್ಷಣ ಫೋನು ಮಾಡಿದೆ.

"ಅಕ್ಕಾ, ಬೇಲಿ ಹತ್ರ ಏನಾಗ್ತಿದೆ? ಬೆಂಕಿ ಗಿಂಕಿ ಏನಾದ್ರೂ..."

"ಬೆಂಕಿ ಒಲೇಲೈತೆ ಕಣೇ. ಇಟ್ಟು ತೊಳಸ್ತಾ ಇವ್ನಿ. ನಿನ್ ಡಬ್ಬಿ ಇಲ್ಲೇ ಗೂಡ್ನಾಗೆ ಪ್ಲಗ್ಗಿಗೆ ಆಕಿವ್ನಿ. ಪಾಪ, ನೆಂದು ತೊಪ್ಪೆಯಾಗಿತ್ತು, ಒಸಿ ಬೆಚ್ಚಗಾಗ್ಲಿ ಅಂತ."

ಅಂದರೆ ನಾನು ನೋಡುತ್ತಿದ್ದದ್ದು ಜಯಕ್ಕನ ಮುದ್ದೆಯ ಹವಾಮಾನ.

ಬೇಲಿ ಡಬ್ಬಿಯೇ ಯಾಕೆ ಮೊದಲು ಬಿದ್ದಿತು ಎಂದು ವಿವರಿಸಲು ನಾನು ಆ ಸಂಜೆಯೇ ಮತ್ತೆ ಫೋನು ಮಾಡಿದೆ. ಬಾಗಿಲ ಬಳಿ ನಿಂತವರ ಪಾಡು ಯಾವಾಗಲೂ ಹಾಗೇ. ತಮ್ಮ ಸುದ್ದಿಯ ಜೊತೆಗೆ ಊರವರ ಸುದ್ದಿಯನ್ನೆಲ್ಲ ದಾಟಿಸಬೇಕು, ಎಲ್ಲರ ಮಾತಿಗೂ ಕಿವಿ ತೆರೆದಿರಬೇಕು, ಎಲ್ಲರಿಗೂ ಹೂಂ ಅನ್ನಬೇಕು ಎಂದೆ. ಆ ಕಡೆಯಿಂದ ಸದ್ದಿಲ್ಲ. "ಅಕ್ಕಾ, ಕೇಳಿಸ್ತಿದೆಯಾ?" ಎಂದೆ. ಜಯಕ್ಕ ಉಸಿರುಬಿಟ್ಟಳು.

"ಕೇಳುಸ್ತೈತೆ ಕಣೇ. ಈಗ ನೀನು ಏಳಿದ್ದು ಡಬ್ಬಿ ಕತೆನೋ ನನ್ ಕತೆನೋ ಅಂತ ನೋಡ್ತಿದ್ದೆ. ಅರಕಲಗೂಡು ಮಾವ ಚಿಕ್ಕಮ್ಮಂಗೆ ಏಳೋದ್ನ ನಂಗೇಳ್ತದೆ. ಚಿಕ್ಕಮ್ಮ ನಿಂಗೇಳೋದ್ನ ನಂಗೇಳ್ತದೆ. ನೀನು ಅವ್ರಿಗೆಲ್ಲ ಏಳೋದ್ನ ನಂಗೇಳ್ತೀಯ. ಅದ್ರ ಮ್ಯಾಲೆ ಒತ್ತಾರೆಯಿಂದ ಬೈಗಿನ್ವರ್ಗೂ, ಅಕ್ಕ ಎಲೆ ಎಂಗೈತೆ, ಅಕ್ಕ ಮೋಡ ಎಂಗೈತೆ. ಆ ಡಬ್ಬಿನಾದ್ರೂ ಬಿಚ್ಕೊಂಬಂದು ಒಲೆ ಮುಂದೆ ಇಟ್ಟೆ. ನನ್ನ ಯಾರೇ ಬಿಚ್ತಾರೆ?"

ಆ ಮಾತು ನನ್ನ ಕರುಳಿಗೆ ತಾಗಿತು. ಆತಂಕದವರ ತೊಂದರೆ ಏನೆಂದರೆ, ಅವರು ತಿದ್ದಿಕೊಳ್ಳುವುದನ್ನೂ ಆತಂಕದಿಂದಲೇ ಮಾಡುತ್ತಾರೆ. ಅಂದೇ ಕೂತು ಎಲ್ಲ ನಿಯಮ ಅಳಿಸಿ ಹೊಸದು ಬರೆದೆ. ಇನ್ನು ಮೇಲೆ ಅಪಾಯವಿದ್ದರೆ ಮಾತ್ರ ಮಾತು; ಇಲ್ಲದಿದ್ದರೆ ಡಬ್ಬಿಗಳು ಬಾಯಿ ತೆರೆಯಬೇಕಿಲ್ಲ. ಹೂಂಗುಟ್ಟುವುದಂತೂ ಪೂರಾ ಬಂದ್. ಹಾಗೆಯೇ ನಾನೂ ಜಯಕ್ಕನಿಗೆ ಫೋನು ಮಾಡುವುದಿಲ್ಲ ಎಂದು ಶಪಥ ಮಾಡಿದೆ. ನೆಂಟರಿಗೆಲ್ಲ, ಅಕ್ಕನಿಗೆ ಗೆಡ್ಡೆಯ ಕೆಲಸ ಜಾಸ್ತಿ, ಸ್ವಲ್ಪ ದಿನ ಕಾಡಬೇಡಿ ಎಂದು ತಿಳಿಸಿದೆ. ಬೇಲಿ ಡಬ್ಬಿ ಮತ್ತೆ ತನ್ನ ಗೂಟಕ್ಕೇರಿತು, ಎರಡು ಬಿಸಿಲಿಗೆ ಬ್ಯಾಟರಿಗಳೆಲ್ಲ ತುಂಬಿಕೊಂಡವು. ಪರದೆ ತುಂಬ ಹಸಿರು. ನಾನು ಮಧ್ಯಾಹ್ನ ಒಂದು ಕೋಳಿನಿದ್ದೆಯನ್ನೂ ಮಾಡಿದೆ. ನಮ್ಮನೆಯವರು ಹಣೆ ಮುಟ್ಟಿ ನೋಡಿ, "ಹುಷಾರಾಗಿದ್ದೀ ತಾನೇ?" ಎಂದರು.

ಆಮೇಲೆ ಜಡಿ ಹಿಡಿಯಿತು. ಜೋರು ಮಳೆಯಲ್ಲ, ಮೋಡ ನೆಲಕ್ಕೆ ಇಳಿದು ಕೂತು ಜಿನುಗುವ ಮಳೆ. ಬೆಳಗಾದದ್ದೂ ಗೊತ್ತಾಗದು, ಬೈಗಾದದ್ದೂ ಗೊತ್ತಾಗದು. ಅಂಗಮಾರಿಗೆ ಹೇಳಿ ಮಾಡಿಸಿದ ಹವೆ. ಆದರೆ ಪರದೆಯ ಮೇಲೆ ಎಲ್ಲ ಹಸಿರು. ಅಬ್ಬ, ನಮ್ಮ ಹೊಲದ ಕಡೆ ಪರವಾಗಿಲ್ಲ ಎಂದು ಒಂದು ದಿನ ಸಮಾಧಾನ ಪಟ್ಟೆ. ಮಾರನೆಯ ದಿನವೂ ಹಸಿರು. ಕಾಲೇಜಿನ ಕಿಟಕಿಯಿಂದ ನೋಡಿದರೆ ಎದುರಿನ ಕಟ್ಟಡವೇ ಕಾಣದಷ್ಟು ಮಂಜು, ಕೈಯಲ್ಲಿ ಹಸಿರು ಬೊಟ್ಟುಗಳು. ಹಾಗೆ ನೋಡುತ್ತಿದ್ದವಳಿಗೆ ಒಂದು ಅನುಮಾನ ಬಂತು. ಈ ಹಸಿರು ಇವತ್ತಿನದೋ, ಮೊನ್ನೆಯದೋ? ಡಬ್ಬಿ ಕೊನೆಯ ಸಲ ಏನು ಹೇಳಿತ್ತೋ ಅದನ್ನೇ ಪರದೆ ತೋರಿಸುತ್ತಾ ಕೂತಿರುತ್ತದೆ. ಅಪಾಯವಿಲ್ಲದೆ ಸುಮ್ಮನಿರುವ ಡಬ್ಬಿಯೂ ಹಸಿರು, ಸತ್ತು ಸುಮ್ಮನಾದ ಡಬ್ಬಿಯೂ ಹಸಿರು. ಬಿಸಿಲಿಲ್ಲದೆ ಬ್ಯಾಟರಿ ಏನಾಗಿರಬೇಡ! ಮೋಡ ಮುಚ್ಚಿದಾಗಲೇ ಸುದ್ದಿ ಬೇಕು, ಮೋಡ ಮುಚ್ಚಿದಾಗಲೇ ಸುದ್ದಿ ಹೇಳಲು ತ್ರಾಣವಿಲ್ಲ. ಇದನ್ನು ನಾನು ಮಕ್ಕಳಿಗೆ ಐದು ಅಂಕದ ಪ್ರಶ್ನೆಯಾಗಿ ಕೇಳಿದ್ದೇನೆ.

ಶಪಥ ಮುರಿದು ಜಯಕ್ಕನಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಭಾವನಿಗೆ ಫೋನಿನ ಸಹವಾಸವೇ ಇಲ್ಲ. ಮತ್ತೆ ಮಾಡಿದೆ. ಸ್ವಿಚ್ ಆಫ್. ಅಷ್ಟರಲ್ಲಿ ಚನ್ನರಾಯಪಟ್ಟಣದಿಂದ ಚಿಕ್ಕಮ್ಮ: "ಏನವ್ವ ಪದ್ಮ, ಜಯನ ಫೋನು ಸತ್ತೋಗೈತಲ್ಲ, ಉಸಾರಾಗವ್ಳಾ?" ಅವರಿಗೆ ಸಮಾಧಾನ ಹೇಳಿ ಇಡುವಷ್ಟರಲ್ಲಿ ಅರಕಲಗೂಡು ಮಾವ: "ಜಯಂಗೆ ಏನಾಯ್ತಂತೆ? ಚಿಕ್ಕಮ್ಮ ಅಳ್ತಾ ಕೂತದೆ." ಅದನ್ನು ಹೇಳಲು ಚಿಕ್ಕಮ್ಮನಿಗೆ, ಚಿಕ್ಕಮ್ಮ ಹೇಳಿದ್ದನ್ನು ಹೇಳಲು ಮಾವನಿಗೆ. ಅರ್ಧ ದಿನ ರಜೆ ಬರೆದುಕೊಟ್ಟು ಬಸ್ ಸ್ಟ್ಯಾಂಡಿಗೆ ಬರುವುದರಲ್ಲಿ ನನ್ನ ಫೋನು ಕೆಂಪಗಾಗಿ, ಒಂದು ಸಲ ನಡುಗಿ, ಕಣ್ಣು ಮುಚ್ಚಿತು. ಬೇಲಿ ಡಬ್ಬಿಯ ಸಂಕಟ ಏನೆಂದು ನನಗೆ ಆಗ ಪೂರಾ ತಿಳಿಯಿತು.

ಬೇಲೂರು ಕಡೆಯ ಬಸ್ಸಿನಲ್ಲಿ ಕಿಟಕಿಗೆ ಮೂಗು ಒತ್ತಿ ಕೂತೆ. ದಾರಿಯುದ್ದಕ್ಕೂ ಗೆಡ್ಡೆ ಹೊಲಗಳು. ಯಾವುದನ್ನು ನೋಡಿದರೂ ಕಪ್ಪಾಗಿ ಕಾಣುತ್ತಿತ್ತು. ಕಿಟಕಿಯ ಗಾಜು ಕೊಳೆಯಾಗಿದೆ ಎಂದು ಹೊಳೆದದ್ದು ಆಮೇಲೆ. ನನ್ನ ಮಾತು ನಂಬಿ ಔಷಧಿ ನಿಲ್ಲಿಸಿದ ಅಕ್ಕನ ಮುಖವನ್ನು ಹೇಗೆ ನೋಡಲಿ? ಕಂಡಕ್ಟರ್ ಬಂದು, "ಎಲ್ಗಮ್ಮ?" ಎಂದ. ನಾನು ಮೈಮೇಲೆ ಎಚ್ಚರವಿಲ್ಲದೆ, "ಒಂದು ಅಂಗಮಾರಿ ಕೊಡಿ" ಎಂದುಬಿಟ್ಟೆ.

ಅವನು ನನ್ನನ್ನೊಮ್ಮೆ ಮೇಲೆ ಕೆಳಗೆ ನೋಡಿ, "ಆ ಊರು ಈ ರೂಟ್ನಾಗೆ ಬರಕಿಲ್ಲ ಕಣಮ್ಮ" ಎಂದ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮಾತ್ರ, "ಯಾಕ್ ಬರಕಿಲ್ಲ? ನಮ್ ವಲುಕ್ಕೆ ಓದ್ ವರ್ಸ ಬಂದಿತ್ತಲ್ಲಪ್ಪ" ಎಂದಿತು. ಬಸ್ಸೇ ನಕ್ಕಿತು. ನನಗೆ ನಗಲೂ ಆಗಲಿಲ್ಲ. ದೊಡ್ಡಗದ್ದವಳ್ಳಿಯ ದೇವಿಗೆ ಮನಸ್ಸಿನಲ್ಲೇ ಒಂದು ಸೀರೆ ಹರಸಿಕೊಂಡೆ. ಸ್ವಲ್ಪ ದೂರ ಹೋದ ಮೇಲೆ, ಸೀರೆ ಸಾಕೋ ಸಾಲದೋ ಎಂದು ಹೆದರಿ ಒಂದು ಜೊತೆ ಬಳೆಯನ್ನೂ ಸೇರಿಸಿದೆ.

ಮನೆ ಮುಟ್ಟಿದರೆ, ಜಯಕ್ಕ ಜಗಲಿಯ ಮೇಲೆ ಕಾಲು ನೀಡಿ ಕೂತು ಹುರುಳಿಕಾಯಿ ಮುರಿಯುತ್ತಿದ್ದಾಳೆ! ನನ್ನನ್ನು ಕಂಡು ಮುಖವರಳಿಸಿ, "ಇದೇನೇ, ಏಳ್ದೆ ಕೇಳ್ದೆ ಬಂದ್ಬುಟ್ಟೆ?" ಎಂದಳು.

"ಅಕ್ಕಾ, ನಿನ್ನ ಫೋನೆಲ್ಲಿ?"

"ಅಗೋ, ಗೂಡ್ನಾಗೈತೆ. ನೀನೇ ಮಾಡ್ದೆ ಇದ್ ಮ್ಯಾಕೆ ಇನ್ಯಾರ್ ಮಾಡ್ತಾರೆ ಅಂತ ಚಾರ್ಜಿಗೇ ಆಕ್ಲಿಲ್ಲ. ಆಹಾ, ಎಷ್ಟು ನೆಮ್ದಿ ಕಣೇ!"

"ಹೊಲ? ಗಿಡ ನೋಡಿದ್ರಾ?"

"ನೋಡದೇನು? ಅಪಾಯ ಇದ್ರೆ ನೀ ಫೋನ್ ಮಾಡ್ತಿದ್ದೆ. ನೀ ಮಾಡ್ನಿಲ್ಲ. ಎಲ್ಲಾ ಸರ್ಯಾಗೈತೆ ಅಂದ್ಕೊಂಡೆ."

"ಡಬ್ಬಿ ಏನೂ ಹೇಳಲಿಲ್ಲ, ಅದಕ್ಕೆ ಎಲ್ಲ ಸರಿಯಾಗಿದೆ ಅಂತ ನಾನು ಮಾಡ್ಲಿಲ್ಲ ಕಣಕ್ಕ!"

ಜಯಕ್ಕ ಹುರುಳಿಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿಯೇ" ಎಂದಳು.

ಬೇಲಿ ಡಬ್ಬಿ ಸತ್ತಿತ್ತು. ಅದು ಒಂದು ಮಾತನ್ನೂ ಆಡಿರಲಿಲ್ಲ. ಯಾರಾದರೂ ಏನಾದರೂ ಹೇಳಿಯಾರು ಎಂದು ಬಿಸಿಲಿಲ್ಲದ ದಿನಗಳಲ್ಲಿ ಕಿವಿ ತೆರೆದು ಕೂತೂ ಕೂತೂ ಪ್ರಾಣ ಬಿಟ್ಟಿತ್ತು. ಕೆಸರಿನಲ್ಲಿ ಜಾರುತ್ತಾ ತಗ್ಗಿನ ಮೂಲೆಗೆ ಇಳಿದೆವು. ಕೆಸರು ಜಾಸ್ತಿ ಎಂದು ಆ ಕಡೆ ಭಾವನೂ ಕಾಲಿಟ್ಟಿರಲಿಲ್ಲವಂತೆ. ಹಳ್ಳದ ಡಬ್ಬಿ ಇನ್ನೂ ಗುಟುಕುಜೀವ ಹಿಡಿದಿತ್ತು. ಚೀಲದಲ್ಲಿದ್ದ ಲ್ಯಾಪ್‌ಟಾಪಿಗೆ ಅದನ್ನು ಸಿಕ್ಕಿಸಿ, ಜಯಕ್ಕ ಹಿಡಿದ ಕೊಡೆಯ ಕೆಳಗೆ ಕೂತು ನೋಡಿದೆ. ಮೊನ್ನೆಯೇ ಅದು ಅಪಾಯ ಎಂದಿತ್ತು. ಒಂದೇ ಒಂದು ಸಲ. ಹೂಂ ಕೇಳಬೇಡ ಎಂದು ಕಲಿಸಿದವಳು ನಾನೇ ಅಲ್ಲವೇ? ಹೇಳಿದೆ, ಕೇಳಿಸಿತು, ನನ್ನ ಕೆಲಸ ಮುಗಿಯಿತು ಎಂದುಕೊಂಡು ಪಾಪ ನಿದ್ದೆಗೆ ಹೋಗಿತ್ತು. ಹುಲಿ ಬಂತು ಎಂದು ಅದು ಕೂಗಿದಾಗ ಹೂಂ ಅನ್ನುವವರು ಯಾರೂ ಇರಲಿಲ್ಲ.

"ಪದ್ಮಿ" ಎಂದಳು ಜಯಕ್ಕ, ಬೇರೆಯೇ ದನಿಯಲ್ಲಿ. ಅವಳ ಬೆರಳ ತುದಿಯಲ್ಲಿ ಒಂದು ಎಲೆ. ಎಲೆಯ ಅಂಚಿನಲ್ಲಿ ಕಪ್ಪು. ಪಕ್ಕದ ಗಿಡದಲ್ಲೂ ಕಪ್ಪು. ಅದರಾಚೆಯದರಲ್ಲೂ.

ನನಗೆ ಅಳು ಬಂತು. ಜಯಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಅದಕ್ಕೆಲ್ಲ ಆಗ ಪುರುಸೊತ್ತಿರಲಿಲ್ಲ. ಮೂಲೆಯ ಗಿಡಗಳನ್ನು ಕೀಳತೊಡಗಿದಳು. ನಾನೂ ಕಾಲೇಜಿನ ಸೀರೆಯಲ್ಲೇ ಕೆಸರಿಗಿಳಿದು ಕಿತ್ತೆ. ಭಾವ ಔಷಧಿ ಕಲಸಿಕೊಂಡು ಕ್ಯಾನು ಬೆನ್ನಿಗೇರಿಸಿ ನಿಂತರು. ಇಷ್ಟು ದಿನ ಬಿಡದ ಮಳೆ ಆ ಮಧ್ಯಾಹ್ನ, ಸೀರೆಯ ದೆಸೆಯಿಂದಲೋ ಬಳೆಯ ದೆಸೆಯಿಂದಲೋ, ಸ್ವಲ್ಪ ಬಿಡುವು ಕೊಟ್ಟಿತು. ಗಾಳಿಗೆ ಎಲೆ ಒಣಗುತ್ತಿದ್ದ ಹಾಗೇ ಭಾವ ಸಾಲು ಹಿಡಿದು ಹೊಡೆದರು. ಮತ್ತೆ ಹನಿ ಬೀಳುವ ಹೊತ್ತಿಗೆ ಹೊಲವೆಲ್ಲ ಮುಗಿದಿತ್ತು. ಕೈಕಾಲು ತೊಳೆದು ಜಗಲಿಯ ಮೇಲೆ ಕೂತು ಕಾಪಿ ಕುಡಿಯುವಾಗ ಜಯಕ್ಕ ಬಾಯಿ ಬಿಟ್ಟಳು.

"ಅಲ್ಲ ಕಣೇ ಮೇಡಂ, ಒಂದ್ಸಲ ಮಾತ್ ಮಾತ್ಗೂ ಊಂ ಅನ್ನಿಸ್ತೀಯ, ಇನ್ನೊಂದ್ಸಲ ಬಾಯ್ಗೆ ಬೀಗ್ವೇ ಆಕ್ತೀಯ. ಅಜ್ಜಿ ಏಳ್ಲಿಲ್ವಾ, ಊಂ ಅನ್ನೋದ್ಕೂ ಒಂದು ಅದ ಐತೆ ಅಂತ?"

"ಹೂಂ" ಎಂದೆ.

ಮೂಲೆ ಹೋಯಿತು, ಹೊಲ ಉಳಿಯಿತು. ಹಾಗೆಂದು ಗೊತ್ತಾಗುವವರೆಗೆ ನಾನು ಉಂಡ ಅನ್ನಕ್ಕೆ ರುಚಿಯಿರಲಿಲ್ಲ. ಈಗ ಡಬ್ಬಿಗಳಿಗೆ ಮೂರನೆಯ ಸಲ ನಿಯಮ ಬರೆದಿದ್ದೇನೆ. ಅಪಾಯದ ಸುದ್ದಿಯಾದರೆ ಹೂಂ ಬರುವ ತನಕ ಬಿಡದೆ ಕೂಗಬೇಕು. ಮಿಕ್ಕಂತೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎದ್ದು, ಸುದ್ದಿಯೇನೂ ಇಲ್ಲದಿದ್ದರೂ, 'ಇದ್ದೀನಿ' ಎಂದು ಹೇಳಿ ಮಲಗಬೇಕು. ಹಾಗನ್ನದ ಡಬ್ಬಿಯ ಬೊಟ್ಟು ಹಸಿರಾಗಿರಕೂಡದು, ಬೂದಿ ಬಣ್ಣಕ್ಕೆ ತಿರುಗಬೇಕು. ಗೋಡೆಗೊರಗಿ ಹೂಂಗುಟ್ಟುತ್ತಿದ್ದ ಜಯಕ್ಕನ ವಿದ್ಯೆಯೇ ಅದು, ಬೇರೇನಲ್ಲ. ಬೇಲಿ ಡಬ್ಬಿಯ ಪಕ್ಕದಲ್ಲಿ ಇನ್ನೊಂದು ಗೂಟ ಹೊಡೆದು ಇನ್ನೊಂದು ಡಬ್ಬಿ ಕಟ್ಟಿದ್ದೇವೆ. ಒಂದು ದಿನ ಇದು ಕಿವಿ ತೆರೆದಿದ್ದರೆ ಒಂದು ದಿನ ಅದು. ಜಯಕ್ಕ ಅದಕ್ಕೆ 'ವಾರ್ಗಿತ್ತಿ' ಎಂದು ಹೆಸರಿಟ್ಟಿದ್ದಾಳೆ. ಮನೆಗೆ ಇನ್ನೊಬ್ಬಳು ಸೊಸೆ ಬಂದ ಮೇಲೆ ಹಿರಿಯಳಿಗೆ ಬೆನ್ನು ನೆಟ್ಟಗೆ ಮಾಡಲು ಬಿಡುವು ಸಿಕ್ಕ ಹಾಗೆ. ಇದೇ ಏರ್ಪಾಡು ಮನೆತನದಲ್ಲೂ ಜಾರಿಯಾಗಿದೆ. ಚಿಕ್ಕಮ್ಮನ ಫೋನು ಈಗ ನೇರ ನನಗೆ, ಮಾವನ ಫೋನೂ ನನಗೆ. ಜಯಕ್ಕ ಸಂಜೆ ಒಂದು ಮಿಸ್ ಕಾಲ್ ಕೊಟ್ಟು ಕಟ್ಟು ಮಾಡುತ್ತಾಳೆ. ನಾನು ತಿರುಗಿಸಿ ಮಾಡುವುದಿಲ್ಲ. ಮಾಡದೆ ಇರಲು ಎಷ್ಟು ಶಕ್ತಿ ಖರ್ಚಾಗುತ್ತದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಬರೆದಿಲ್ಲ.

ಮೊನ್ನೆ ಅಕ್ಕ ಕಳಿಸಿದ ಗೆಡ್ಡೆಯಲ್ಲಿ ಪಲ್ಯ ಮಾಡಿ ಬಡಿಸಿ, ಊಟವಾದ ಮೇಲೆ ನಮ್ಮನೆಯವರಿಗೆ ಈ ಕತೆಯನ್ನೆಲ್ಲ ಮೊದಲಿನಿಂದ ಹೇಳಿದೆ. ಆರಾಮ ಕುರ್ಚಿಯಲ್ಲಿ ಒರಗಿ, ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಹದವಾಗಿ ಹೂಂ ಅನ್ನುತ್ತಿದ್ದರು. ಇಷ್ಟು ಹದವಾಗಿ ಅನ್ನುತ್ತಿದ್ದಾರಲ್ಲ ಎಂದೇ ನನಗೆ ಅನುಮಾನ ಬಂತು. "ಆಮೇಲೆ ರೀ, ಹೊಲಕ್ಕೆ ಆನೆ ಬಂತು. ಬಂದು ಜಯಕ್ಕನ ಹತ್ರ ಎರಡು ಲೋಟ ಕಾಪಿ ಕೇಳಿ ಕುಡೀತು" ಎಂದೆ. "ಹೂಂ" ಎಂದರು, ಕಣ್ಣು ತೆರೆಯದೆ.

ಅದಕ್ಕೇ ಇದನ್ನು ನಿಮಗೆ ಬರೆದು ಹೇಳುತ್ತಿರುವುದು. ಆದರೆ ಬರೆಯುವುದರಲ್ಲಿ ಇರುವ ಹಿಂಸೆ ನೋಡಿ, ನಾನು ಇಷ್ಟು ಹೊತ್ತು ಹೇಳಿದರೂ ನಿಮ್ಮ ಕಡೆಯಿಂದ ಒಂದು ಸದ್ದಿಲ್ಲ. ಓದಿ ಸುಮ್ಮನಿದ್ದೀರೋ, ಅರ್ಧಕ್ಕೇ ಮಲಗಿದ್ದೀರೋ, ನನಗೆ ಇಲ್ಲಿಂದ ಎರಡೂ ಹಸಿರಾಗಿಯೇ ಕಾಣುತ್ತದೆ. ಅಜ್ಜಿಯಾಗಿದ್ದರೆ ಕತೆ ನಿಲ್ಲಿಸಿಬಿಡುತ್ತಿದ್ದಳು. ನಾನು ಡಬ್ಬಿಗಳಿಗೆ ಕಲಿಸಿದವಳು. ಹೂಂ ಬರದಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತು.

ಏನು? ಕೇಳಿಸಲಿಲ್ಲ. ಹೋಗಲಿ ಬಿಡಿ, ಇನ್ನೊಂದು ಸಲ ಹೇಳುತ್ತೇನೆ: ಸುದ್ದಿ ಬರದಿದ್ದರೆ ಎಲ್ಲ ಸೌಖ್ಯ ಎಂದು ನಂಬಿ, ಉಂಡು ಕೈತೊಳೆದು ಕಾಲು ಚಾಚಿ ಮಲಗುವವರನ್ನು ಕಂಡರೆ ನನಗೆ...